ಯೂಜೆನ್ ಅಟ್ಜೆ

ಯೂಜೆನ್ ಅಟ್ಜೆ (12 ಫೆಬ್ರವರಿ 1857 – 4 ಆಗಸ್ಟ್ 1927) ಫ್ರಾನ್ಸಿನ ಛಾಯಾಗ್ರಾಹಕ. ಪೂರ್ಣ ಹೆಸರು ಜಾನ್ ಯೂಜೆನ್ ಆಗ್ಯೂಸ್ಟ್ ಅಟ್ಜೆ. ಚಿತ್ರಕಾರರು, ವಾಸ್ತುಶಿಲ್ಪಿಗಳು, ರಂಗಸಜ್ಜಿಕೆಯ ವಿನ್ಯಾಸಕರು, ಕುಶಲಕರ್ಮಿಗಳು ಮತ್ತು ಗ್ರಂಥಾಲಯಗಳು ತಮ್ಮ ಕೆಲಸಕ್ಕೆ ಆಕರವಾಗಿ ಬಳಸಬಹುದಾದ ಛಾಯಾಚಿತ್ರಗಳನ್ನು ತೆಗೆದು, ವಿಷಯವಾರು ವಿಂಗಡಿಸಿಟ್ಟು, ಕೇಳಿದವರಿಗೆ ಮಾರುವುದು ಈತನ ವೃತ್ತಿಯಾಗಿತ್ತು. ಇಂದು ಸ್ಟಾಕ್ ಛಾಯಾಚಿತ್ರ ಎಂದು ಕರೆಯಲಾಗುವ ವ್ಯವಹಾರಕ್ಕೆ ಬಹಳ ಹತ್ತಿರವಾದ ಈ ವೃತ್ತಿಯನ್ನು ಈತ ಮೂರೂವರೆ ದಶಕಗಳ ಕಾಲ ಒಬ್ಬಂಟಿಯಾಗಿ ನಡೆಸಿದ. ಹಳೆಯ ಪ್ಯಾರಿಸ್ ನಗರದ ಬೀದಿ, ಅಂಗಳ, ಅಂಗಡಿ, ಉದ್ಯಾನ ಮತ್ತು ಬೀದಿ ವ್ಯಾಪಾರಿಗಳನ್ನು ಕುರಿತ ಎಂಟು ಸಾವಿರಕ್ಕೂ ಹೆಚ್ಚು ಚಿತ್ರಗಳು ಈ ದುಡಿಮೆಯ ಫಲ. ಅಟ್ಜೆ ತನ್ನನ್ನು ಕಲಾವಿದನೆಂದು ಹೇಳಿಕೊಳ್ಳಲಿಲ್ಲ. ತನ್ನ ಚಿತ್ರಗಳು ಕೇವಲ ದಾಖಲೆಗಳೆಂಬುದೇ ಈತನ ನಿಲುವಾಗಿತ್ತು. ಆದರೆ ಮರಣಾನಂತರ ಅವೇ ಚಿತ್ರಗಳು ಆಧುನಿಕ ಛಾಯಾಗ್ರಹಣ ಕಲೆಯ ಮುಖ್ಯ ಕೃತಿಗಳೆಂದು ಮನ್ನಣೆ ಪಡೆದವು.

ಬಾಲ್ಯ ಮತ್ತು ಆರಂಭಿಕ ಜೀವನ

ಅಟ್ಜೆ ಹುಟ್ಟಿದ್ದು ನೈಋತ್ಯ ಫ್ರಾನ್ಸಿನ ಬೋರ್ಡೋ ನಗರಕ್ಕೆ ಸಮೀಪದ ಲಿಬೂರ್ನ್ ಎಂಬ ಊರಿನಲ್ಲಿ. ತಂದೆ ಕುದುರೆಗಾಡಿಗಳನ್ನು ತಯಾರಿಸುವ ಕಸುಬಿನವ. 1862ರಲ್ಲಿ ತಂದೆ ತೀರಿಕೊಂಡ; ಸ್ವಲ್ಪ ಕಾಲದಲ್ಲೇ ತಾಯಿಯೂ ಮರಣಹೊಂದಿದಳು. ಅನಾಥನಾದ ಬಾಲಕನನ್ನು ಬೋರ್ಡೋದಲ್ಲಿದ್ದ ತಾಯಿಯ ತಂದೆತಾಯಿಯರು ಸಾಕಿ ಬೆಳೆಸಿದರು. ಶಾಲಾ ಶಿಕ್ಷಣದ ಬಳಿಕ ಅಟ್ಜೆ ವ್ಯಾಪಾರಿ ಹಡಗುಗಳಲ್ಲಿ ಕೆಲಸಕ್ಕೆ ಸೇರಿ ಕೆಲಕಾಲ ಸಮುದ್ರಯಾನ ಮಾಡಿದ.

1878ರಲ್ಲಿ ಪ್ಯಾರಿಸಿಗೆ ಬಂದಾಗ ಈತನ ಗುರಿ ನಟನಾಗುವುದಾಗಿತ್ತು. ಅಲ್ಲಿನ ಪ್ರಸಿದ್ಧ ರಾಷ್ಟ್ರೀಯ ನಾಟಕ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸಲ ಅನುತ್ತೀರ್ಣನಾಗಿ, ಎರಡನೆಯ ಪ್ರಯತ್ನದಲ್ಲಿ 1879ರಲ್ಲಿ ಪ್ರವೇಶ ಪಡೆದ. ಅದೇ ಸಮಯದಲ್ಲಿ ಕಡ್ಡಾಯ ಸೈನಿಕ ಸೇವೆಯನ್ನೂ ಸಲ್ಲಿಸಬೇಕಾಗಿ ಬಂದುದರಿಂದ ತರಗತಿಗಳಿಗೆ ಸರಿಯಾಗಿ ಹಾಜರಾಗಲು ಸಾಧ್ಯವಾಗಲಿಲ್ಲ. 1881ರಲ್ಲಿ ಶಾಲೆಯಿಂದ ಈತನನ್ನು ಹೊರಹಾಕಲಾಯಿತು. ಆದರೂ ರಂಗಭೂಮಿಯ ಆಸೆಯನ್ನು ಬಿಡದೆ ಸಂಚಾರಿ ನಾಟಕ ಮಂಡಳಿಗಳನ್ನು ಸೇರಿ, ಪ್ಯಾರಿಸಿನ ಹೊರವಲಯದಲ್ಲೂ ಪ್ರಾಂತ್ಯಗಳ ಸಣ್ಣ ಊರುಗಳಲ್ಲೂ ಚಿಕ್ಕಪುಟ್ಟ ಪಾತ್ರಗಳನ್ನು ವಹಿಸಿದ. 1886ರಲ್ಲಿ ನಟಿ ವಾಲೆಂಟೀನ್ ದೆಲಾಫೋಸ್ ಕೊಂಪಾಞೋಳ ಪರಿಚಯವಾಯಿತು. ಅಂದಿನಿಂದ ಆಕೆಯ ಮರಣದವರೆಗೂ ಇಬ್ಬರೂ ಜೊತೆಯಾಗಿ ಬಾಳಿದರು.

1887ರಲ್ಲಿ ಗಂಟಲಿನ ಸ್ವರತಂತುಗಳಿಗೆ ಸೋಂಕು ತಗುಲಿ ನಟನಾ ವೃತ್ತಿಯನ್ನು ಬಿಡಬೇಕಾಯಿತು. ಮೂವತ್ತರ ವಯಸ್ಸಿನಲ್ಲಿ, ಬೇರೆ ಯಾವ ಕಸುಬಿನ ತರಬೇತಿಯೂ ಇಲ್ಲದೆ, ಅಟ್ಜೆ ಜೀವನೋಪಾಯಕ್ಕೆ ಹೊಸ ದಾರಿಯನ್ನು ಹುಡುಕತೊಡಗಿದ. ಕೆಲಕಾಲ ವರ್ಣಚಿತ್ರ ರಚನೆಯಲ್ಲೂ ಕೈಯಾಡಿಸಿದ. 1888ರ ಸುಮಾರಿಗೆ ಉತ್ತರ ಫ್ರಾನ್ಸಿನ ಆಮಿಯೆನ್ ಮತ್ತು ಬೋವೆ ಪ್ರದೇಶಗಳಲ್ಲಿ ತೆಗೆದ ಛಾಯಾಚಿತ್ರಗಳು ಈತನ ಮೊದಲ ಚಿತ್ರಗಳು. ಹೊಲಗಳು, ಗಿಡಗಳು, ಬೇಸಾಯದ ಉಪಕರಣಗಳಂಥ ಸಾಮಾನ್ಯ ವಸ್ತುಗಳೇ ಅವುಗಳ ವಿಷಯ.

ಕಲಾವಿದರಿಗಾಗಿ ದಾಖಲೆಗಳು

1890ರಲ್ಲಿ ಅಟ್ಜೆ ಪ್ಯಾರಿಸಿಗೆ ಮರಳಿ ಛಾಯಾಗ್ರಹಣವನ್ನು ವೃತ್ತಿಯಾಗಿ ಕೈಗೊಂಡ. ಆಗ ಛಾಯಾಗ್ರಾಹಕರ ಮುಖ್ಯ ಆದಾಯ ಭಾವಚಿತ್ರಗಳಿಂದ ಬರುತ್ತಿತ್ತು. ಅದಕ್ಕೆ ಸ್ಟುಡಿಯೋ, ಗಾಜಿನ ಛಾವಣಿ, ಪರದೆಗಳು, ಪೀಠೋಪಕರಣಗಳು ಮೊದಲಾದ ಬಂಡವಾಳ ಬೇಕಾಗಿತ್ತು. ಅಟ್ಜೆ ಆ ದಾರಿಯನ್ನು ಹಿಡಿಯಲಿಲ್ಲ. ನಟರು ಮತ್ತು ಚಿತ್ರಕಾರರ ಒಡನಾಟವಿದ್ದ ಈತನಿಗೆ ಮತ್ತೊಂದು ಬೇಡಿಕೆ ಕಾಣಿಸಿತು. ಒಂದು ದೃಶ್ಯವನ್ನು ಚಿತ್ರಿಸುವ ಕಲಾವಿದನಿಗೆ ಮರದ ತೊಗಟೆ, ಗಾಡಿಯ ಚಕ್ರ, ಕಲ್ಲಿನ ಮೆಟ್ಟಿಲು, ಬೀದಿಯ ತಿರುವು ಇವೆಲ್ಲದರ ನಿಖರ ವಿವರಗಳು ಬೇಕು. ಪ್ರತಿ ಸಲವೂ ಸ್ಥಳಕ್ಕೆ ಹೋಗಿ ರೇಖಾಚಿತ್ರ ಬರೆದುಕೊಳ್ಳುವುದಕ್ಕಿಂತ ಒಂದು ಛಾಯಾಚಿತ್ರವನ್ನು ಕೊಳ್ಳುವುದು ಸುಲಭ ಮತ್ತು ಅಗ್ಗ.

ಈ ವ್ಯಾಪಾರವನ್ನು ಅಟ್ಜೆಯೇ ಮೊದಲು ಆರಂಭಿಸಿದನೆಂದು ಹೇಳುವಂತಿಲ್ಲ. 1850ರ ದಶಕದಲ್ಲೇ ಅಡಾಲ್ಫ್ ಬ್ರೌನ್ ಎಂಬಾತ ಜವಳಿ ವಿನ್ಯಾಸಕರ ಉಪಯೋಗಕ್ಕಾಗಿ ಹೂವುಗಳ ಛಾಯಾಚಿತ್ರಗಳ ದೊಡ್ಡ ಸಂಗ್ರಹವನ್ನು ಹೊರತಂದಿದ್ದ. ಪ್ಯಾರಿಸಿನಲ್ಲಿ ಚಿತ್ರಕಾರರಿಗೆ ಮಾದರಿ ಚಿತ್ರಗಳನ್ನು ಮಾರುವವರು ಹಲವರಿದ್ದರು. ಅಟ್ಜೆಯ ವೈಶಿಷ್ಟ್ಯವಿದ್ದುದು ಕೆಲಸದ ವ್ಯಾಪ್ತಿಯಲ್ಲಿ ಮತ್ತು ಎಡೆಬಿಡದ ಪರಿಶ್ರಮದಲ್ಲಿ. ಕಲಾವಿದರಿಗಾಗಿ ದಾಖಲೆಗಳು ಎಂಬರ್ಥದ ಫ್ರೆಂಚ್ ಫಲಕವನ್ನು ಈತ ತನ್ನ ಮನೆಯ ಬಾಗಿಲಿಗೆ ತೂಗುಹಾಕಿದ. 1892ರಲ್ಲಿ ಕಲಾಪತ್ರಿಕೆಯೊಂದರಲ್ಲಿ ಬಂದ ಪ್ರಕಟಣೆಯೊಂದು ಈತನಲ್ಲಿ ದೊರೆಯುವ ಚಿತ್ರಗಳನ್ನು ಪಟ್ಟಿಮಾಡಿತು: ನಿಸರ್ಗದೃಶ್ಯಗಳು, ಪ್ರಾಣಿಗಳು, ಹೂವುಗಳು, ಸ್ಮಾರಕಗಳು, ಚಿತ್ರಕಾರರಿಗೆ ಬೇಕಾದ ಮುನ್ನೆಲೆಯ ವಿವರಗಳು ಮತ್ತು ವರ್ಣಚಿತ್ರಗಳ ಪ್ರತಿಗಳು.

ಈ ವ್ಯಾಪಾರದಲ್ಲಿ ಬಹುಪಾಲು ಚಿತ್ರಗಳನ್ನು ತೆಗೆಯುವಾಗ ಕೊಳ್ಳುವವರು ಯಾರೆಂದು ತಿಳಿದಿರುವುದಿಲ್ಲ. ಚಿತ್ರವನ್ನು ಮೊದಲು ತೆಗೆದು, ದಾಸ್ತಾನು ಇಟ್ಟು, ಬಳಿಕ ಗಿರಾಕಿಗಾಗಿ ಕಾಯಬೇಕು. ಒಂದೇ ನೆಗೆಟಿವ್‌ನಿಂದ ಎಷ್ಟು ಪ್ರತಿಗಳನ್ನಾದರೂ ಮುದ್ರಿಸಿ ಬೇರೆ ಬೇರೆಯವರಿಗೆ ಮಾರಬಹುದು. ಆದ್ದರಿಂದ ಒಂದು ಚಿತ್ರ ಹಲವು ಉಪಯೋಗಗಳಿಗೆ ಒದಗುವಂತಿದ್ದರೆ ಲಾಭ ಹೆಚ್ಚು. ಹಳೆಯ ಮನೆಯೊಂದರ ಬಾಗಿಲಿನ ಚಿತ್ರವನ್ನು ಕಮ್ಮಾರ ಅದರ ಕಬ್ಬಿಣದ ಬಡಿಗೊಂಡಿಗಾಗಿ ಕೊಳ್ಳಬಹುದು, ವಾಸ್ತುಶಿಲ್ಪಿ ಅದರ ಕಲ್ಲಿನ ಚೌಕಟ್ಟಿಗಾಗಿ, ರಂಗವಿನ್ಯಾಸಕ ಐತಿಹಾಸಿಕ ನಾಟಕದ ಸಜ್ಜಿಕೆಗಾಗಿ, ಗ್ರಂಥಾಲಯ ನಗರದ ಇತಿಹಾಸಕ್ಕಾಗಿ ಕೊಳ್ಳಬಹುದು. ಇಂದಿನ ಸ್ಟಾಕ್ ಛಾಯಾಗ್ರಹಣದಲ್ಲಿ ಮಾರಾಟವಾಗುವುದು ಚಿತ್ರವನ್ನು ಬಳಸುವ ಪರವಾನಗಿ. ಅಟ್ಜೆ ಮಾರಿದ್ದು ಕಾಗದದ ಮೇಲಿನ ಪ್ರತಿಯನ್ನು. ಈ ವ್ಯತ್ಯಾಸವನ್ನು ಬಿಟ್ಟರೆ ಎರಡರ ತರ್ಕವೂ ಒಂದೇ.

ಹಳೆಯ ಪ್ಯಾರಿಸ್

ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಕಾಲದಲ್ಲಿ, 1853ರಿಂದ ಆರಂಭಿಸಿ, ಆಡಳಿತಾಧಿಕಾರಿ ಓಸ್ಮಾನ್ ಪ್ಯಾರಿಸಿನ ಮಧ್ಯಕಾಲೀನ ಕೇರಿಗಳನ್ನು ಕೆಡವಿ ಅಗಲವಾದ ರಾಜಬೀದಿಗಳನ್ನು ನಿರ್ಮಿಸಿದ್ದ. ಆಗ ಕಣ್ಮರೆಯಾಗಲಿದ್ದ ಬೀದಿಗಳನ್ನು ಶಾರ್ಲ್ ಮಾರ್ವಿಲ್ ಎಂಬ ಛಾಯಾಗ್ರಾಹಕ ನಗರಾಡಳಿತದ ಪರವಾಗಿ ದಾಖಲಿಸಿದ್ದ. ಓಸ್ಮಾನನ ನಂತರವೂ ಕೆಡವುವ ಕೆಲಸ ನಿಲ್ಲಲಿಲ್ಲ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಉಳಿದಿದ್ದನ್ನು ರಕ್ಷಿಸಬೇಕೆಂಬ ಕಾಳಜಿ ನಾಗರಿಕರಲ್ಲಿ ಬಲವಾಯಿತು. ಹಳೆಯ ಪ್ಯಾರಿಸಿನ ಸಂರಕ್ಷಣೆಗೆಂದೇ 1897ರಲ್ಲಿ ನಗರಾಡಳಿತ ಒಂದು ಆಯೋಗವನ್ನು ರಚಿಸಿತು.

ಅದೇ ಸುಮಾರಿಗೆ ಅಟ್ಜೆಯ ಗಮನ ಗಿಡಮರಗಳ ಅಧ್ಯಯನ ಚಿತ್ರಗಳಿಂದ ನಗರದ ಕಡೆಗೆ ತಿರುಗಿತು. ಮೊದಲು ಕೈಗೆತ್ತಿಕೊಂಡದ್ದು ಬೀದಿಯ ಸಣ್ಣ ಕಸುಬುಗಳ ಸರಣಿ. ಬುಟ್ಟಿ ಮಾರುವವರು, ಚಿಂದಿ ಆಯುವವರು, ಸಾಣೆ ಹಿಡಿಯುವವರು, ಬೀದಿ ಗಾಯಕರು ಮೊದಲಾದವರನ್ನು ಅವರ ದುಡಿಮೆಯ ಸ್ಥಳದಲ್ಲೇ ನಿಲ್ಲಿಸಿ ಚಿತ್ರ ತೆಗೆದ. ಹಸ್ತವಾದ್ಯ ನುಡಿಸುವ ಮುದುಕ ಮತ್ತು ಪಕ್ಕದಲ್ಲಿ ಮುಖವೆತ್ತಿ ನಗುತ್ತಾ ಹಾಡುವ ಹುಡುಗಿಯ ಚಿತ್ರ ಈ ಕಾಲದ್ದು. ಈ ಸರಣಿಯ 80 ಚಿತ್ರಗಳು ಮುಂದೆ ಅಂಚೆ ಕಾರ್ಡುಗಳಾಗಿಯೂ ಪ್ರಕಟವಾದವು. ದೊಡ್ಡ ಅಂಗಡಿಗಳೂ ಕಾರ್ಖಾನೆಯ ಸರಕುಗಳೂ ಬಂದಂತೆ ಈ ಕಸುಬುಗಳು ಬಹುಬೇಗ ಮರೆಯಾದವು.

ಆನಂತರ ಕೇರಿ ಕೇರಿಗಳನ್ನು ಅಲೆದು ಹಳೆಯ ಮನೆಗಳ ಮುಂಭಾಗ, ಅಂಗಳ, ಮೆಟ್ಟಿಲ ಕಟಕಟೆ, ಬಾವಿ, ಬಾಗಿಲ ಗೊಂಡಿ, ಅಂಗಡಿಗಳ ತೂಗುಫಲಕ ಇವೆಲ್ಲವನ್ನೂ ದಾಖಲಿಸತೊಡಗಿದ. ಗಿರಾಕಿಗಳೂ ಬದಲಾದರು. ಬಿಡಿ ಕಲಾವಿದರೊಂದಿಗೆ ಸಂಸ್ಥೆಗಳೂ ಕೊಳ್ಳಲಾರಂಭಿಸಿದವು. ಪ್ಯಾರಿಸಿನ ಇತಿಹಾಸಕ್ಕೆ ಮೀಸಲಾದ ಕಾರ್ನಾವಲೆ ವಸ್ತುಸಂಗ್ರಹಾಲಯ, ನಗರದ ಐತಿಹಾಸಿಕ ಗ್ರಂಥಾಲಯ, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಇವು ಮುಖ್ಯವಾದವು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವೂ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ವಾಸ್ತು ಅಲಂಕರಣದ ನೂರಾರು ಚಿತ್ರಗಳನ್ನು ಕೊಂಡಿತು. 1906ರಲ್ಲಿ ಐತಿಹಾಸಿಕ ಗ್ರಂಥಾಲಯ ಪ್ಯಾರಿಸಿನ ಹಳೆಯ ಕಟ್ಟಡಗಳನ್ನು ಕ್ರಮಬದ್ಧವಾಗಿ ದಾಖಲಿಸುವ ಕೆಲಸವನ್ನು ಈತನಿಗೆ ವಹಿಸಿತು.

1909ರಿಂದ 1915ರ ನಡುವೆ ಅಟ್ಜೆ ಏಳು ವಿಷಯಾಧಾರಿತ ಆಲ್ಬಮ್‌ಗಳನ್ನು ಸಿದ್ಧಪಡಿಸಿದ. ಪ್ಯಾರಿಸಿನ ಮನೆಗಳ ಒಳಾಂಗಣ, ವಾಹನಗಳು, ಕಸುಬು ಮತ್ತು ಅಂಗಡಿಗಳು, ಹಳೆಯ ಅಂಗಡಿ ಫಲಕಗಳು, ನಗರದ ಕೋಟೆಗೋಡೆಗಳು, ಅವುಗಳ ಹೊರಗಿನ ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಬಡವರ ವಸತಿ ಮೊದಲಾದವು ಅವುಗಳ ವಸ್ತು. ಒಳಾಂಗಣ ಕುರಿತ ಆಲ್ಬಮ್‌ನಲ್ಲಿ 60 ಚಿತ್ರಗಳಿವೆ. ಶ್ರೀಮಂತ, ಮಧ್ಯಮ ವರ್ಗ, ಕಾರ್ಮಿಕ ಎಂದು ಬೇರೆ ಬೇರೆ ಅಂತಸ್ತಿನವರ ಮನೆಗಳನ್ನು ಅದರಲ್ಲಿ ಅಕ್ಕಪಕ್ಕ ಇರಿಸಲಾಗಿದೆ. ಬಹುಪಾಲು ಮನೆಯೊಡೆಯರ ಪೂರ್ಣ ಹೆಸರಿಲ್ಲ, ವೃತ್ತಿಯ ಉಲ್ಲೇಖ ಇದೆ. ರಂಗಕಲಾವಿದನೊಬ್ಬನ ಮನೆಯೆಂದು ಅದರಲ್ಲಿ ತೋರಿಸಿರುವುದು ಅಟ್ಜೆಯ ಸ್ವಂತ ಮನೆಯೇ ಎಂದು ಸಂಶೋಧಕರು ಗುರುತಿಸಿದ್ದಾರೆ.

ಉಪಕರಣ ಮತ್ತು ಕಾರ್ಯವಿಧಾನ

ಅಟ್ಜೆ ಬಳಸುತ್ತಿದ್ದುದು ತಿದಿಯಂತೆ ಮಡಿಕೆಗಳಿದ್ದ ಮರದ ಕ್ಯಾಮೆರಾ, ಟ್ರೈಪಾಡ್ ಮತ್ತು 18×24 ಸೆಂಟಿಮೀಟರ್ ಅಳತೆಯ ಗಾಜಿನ ಫಲಕಗಳು. ಗಾಜಿನ ಫಲಕಗಳಿಂದಾಗಿ ಹೊರೆ ಬಹಳ ಭಾರವಾಗುತ್ತಿತ್ತು. ಅದನ್ನು ಹೊತ್ತು ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಅಲೆಯುವುದು ದಿನನಿತ್ಯದ ಕೆಲಸ. ಚಿಕ್ಕದಾದ, ಕೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾಗಳು ಬಳಕೆಗೆ ಬಂದ ಮೇಲೂ ಅಟ್ಜೆ ತನ್ನ ಹಳೆಯ ಉಪಕರಣವನ್ನು ಬಿಡಲಿಲ್ಲ. ವಿವರಗಳ ಸ್ಪಷ್ಟತೆಯೇ ಈತನ ಸರಕಿನ ಗುಣಮಟ್ಟವಾಗಿದ್ದುದು ಇದಕ್ಕೆ ಒಂದು ಕಾರಣ. ದೊಡ್ಡ ಫಲಕದಲ್ಲಿ ಗೋಡೆಯ ಬಿರುಕು, ಕಲ್ಲುಹಾಸಿನ ಒದ್ದೆ, ಫಲಕದ ಅಕ್ಷರ ಎಲ್ಲವೂ ಸ್ಫುಟವಾಗಿ ಮೂಡುತ್ತಿದ್ದವು.

ಕಿರಿದಾದ ಬೀದಿಯಲ್ಲಿ ನಿಂತು ಎತ್ತರದ ಕಟ್ಟಡದ ಚಿತ್ರ ತೆಗೆಯುವಾಗ ಕ್ಯಾಮೆರಾವನ್ನು ಮೇಲ್ಮುಖವಾಗಿ ವಾಲಿಸಿದರೆ ಗೋಡೆಗಳ ಗೆರೆಗಳು ಮೇಲೆ ಹೋದಂತೆ ಒಂದರತ್ತ ಒಂದು ಬಾಗುತ್ತವೆ. ಇದನ್ನು ತಪ್ಪಿಸಲು ಅಟ್ಜೆ ಕ್ಯಾಮೆರಾವನ್ನು ನೇರವಾಗಿಯೇ ಇರಿಸಿ ಮುಂಭಾಗದ ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸುತ್ತಿದ್ದ. ಲೆನ್ಸ್ ಮೂಡಿಸುವ ವೃತ್ತಾಕಾರದ ಬಿಂಬ ಆಗ ಫಲಕದ ಮೇಲಿನ ಮೂಲೆಗಳನ್ನು ತಲುಪುತ್ತಿರಲಿಲ್ಲ. ಈತನ ಅನೇಕ ಚಿತ್ರಗಳ ಮೇಲಂಚಿನಲ್ಲಿ ಮೂಲೆಗಳು ಕಪ್ಪಾಗಿ ಕಮಾನಿನಂತೆ ಕಾಣುವುದು ಇದರಿಂದಲೇ.

ಬೆಳಕು ಬೀಳುವ ಅವಧಿ ದೀರ್ಘವಾಗಿರುತ್ತಿದ್ದುದರಿಂದ ಚಲಿಸುವ ವ್ಯಕ್ತಿಗಳು ಚಿತ್ರದಲ್ಲಿ ಮಸುಕಾದ ನೆರಳುಗಳಾಗಿ ಉಳಿಯುತ್ತಿದ್ದರು ಅಥವಾ ಪೂರ್ತಿ ಮರೆಯಾಗುತ್ತಿದ್ದರು. ಜನರೂ ಗಾಡಿಗಳೂ ಅಡ್ಡ ಬಾರದಿರಲೆಂದು ಈತ ಹಲವು ವೇಳೆ ಮುಂಜಾನೆಯೇ ಕೆಲಸ ಮಾಡುತ್ತಿದ್ದ. ಅಟ್ಜೆಯ ಪ್ಯಾರಿಸ್ ನಿರ್ಜನವಾಗಿ ಕಾಣಲು ಇದು ಮುಖ್ಯ ಕಾರಣ. ಕೊಳ್ಳುವವನಿಗೆ ಬೇಕಾಗಿದ್ದುದು ಕಟ್ಟಡದ ವಿವರವೇ ಹೊರತು ದಾರಿಹೋಕರಲ್ಲ.

ಮುದ್ರಣವೂ ಹಳೆಯ ಪದ್ಧತಿಯದೇ. ಮೊಟ್ಟೆಯ ಬಿಳಿಭಾಗವನ್ನು ಲೇಪಿಸಿದ ಆಲ್ಬುಮೆನ್ ಕಾಗದವನ್ನು ನೆಗೆಟಿವ್‌ಗೆ ತಾಗಿಸಿ, ಚೌಕಟ್ಟಿನಲ್ಲಿ ಬಿಗಿದು, ಬಿಸಿಲಿಗೆ ಒಡ್ಡಿ ಪ್ರತಿ ತೆಗೆಯುತ್ತಿದ್ದ. ಬಳಿಕ ಚಿನ್ನದ ಲವಣದ ದ್ರಾವಣದಲ್ಲಿ ಅದ್ದಿ ಬಣ್ಣವನ್ನು ಸ್ಥಿರಗೊಳಿಸುತ್ತಿದ್ದ. ಹೀಗೆ ಮೂಡಿದ ಪ್ರತಿಗಳು ಕಂದು ಅಥವಾ ನೇರಳೆ ಛಾಯೆಯವು. ಹಿಗ್ಗಿಸಿ ಮುದ್ರಿಸುವ ಪದ್ಧತಿ ಇಲ್ಲದಿದ್ದುದರಿಂದ ಪ್ರತಿಯ ಅಳತೆ ಫಲಕದ ಅಳತೆಯೇ ಆಗಿರುತ್ತಿತ್ತು.

ಸಂಗ್ರಹದ ವ್ಯವಸ್ಥೆ

ಸಾವಿರಾರು ಚಿತ್ರಗಳಿಂದ ಗಿರಾಕಿಗೆ ಬೇಕಾದುದನ್ನು ತಕ್ಷಣ ಹುಡುಕಿ ಕೊಡಲು ಅಟ್ಜೆ ತನ್ನದೇ ಆದ ವ್ಯವಸ್ಥೆಯೊಂದನ್ನು ರೂಪಿಸಿಕೊಂಡಿದ್ದ. ನಿಸರ್ಗದೃಶ್ಯ, ಹಳೆಯ ಪ್ಯಾರಿಸ್, ಪ್ಯಾರಿಸಿನ ಸುತ್ತಮುತ್ತ, ನಗರದ ದೈನಂದಿನ ದೃಶ್ಯಗಳು ಎಂಬಂಥ ವಿಭಾಗಗಳಿದ್ದವು. ಒಂದೊಂದು ವಿಭಾಗಕ್ಕೂ ಪ್ರತ್ಯೇಕ ಸಂಖ್ಯಾಸರಣಿ ಇತ್ತು. ಸಂಖ್ಯೆಯನ್ನು ನೆಗೆಟಿವ್‌ನ ಮೇಲೆಯೇ ಗೀರಿ ಬರೆಯುತ್ತಿದ್ದ. ಪ್ರತಿಯ ಹಿಂಬದಿಯಲ್ಲಿ ಸ್ಥಳದ ಹೆಸರು, ವಿವರಗಳನ್ನು ಪೆನ್ಸಿಲ್‌ನಿಂದ ನಮೂದಿಸುತ್ತಿದ್ದ. ಮಾದರಿ ಪ್ರತಿಗಳನ್ನು ವಿಷಯವಾರು ಆಲ್ಬಮ್‌ಗಳಲ್ಲಿ ಸಿಕ್ಕಿಸಿ ಗಿರಾಕಿಗಳ ಬಳಿಗೆ ಒಯ್ಯುತ್ತಿದ್ದ. ಅವರು ಆರಿಸಿದ ಚಿತ್ರಗಳ ಹೊಸ ಪ್ರತಿಗಳನ್ನು ಮುದ್ರಿಸಿ ಒದಗಿಸುತ್ತಿದ್ದ.

ಗಿರಾಕಿಗಳ ಹೆಸರು, ವಿಳಾಸ ಮತ್ತು ಅವರಿಗೆ ಯಾವ ಬಗೆಯ ಚಿತ್ರಗಳು ಬೇಕೆಂಬುದನ್ನು ಬರೆದಿಟ್ಟ ಕೈಪುಸ್ತಕವೊಂದು ಉಳಿದುಬಂದಿದೆ. ಚಿತ್ರಕಾರರು, ವ್ಯಂಗ್ಯಚಿತ್ರಕಾರರು, ಪುಸ್ತಕ ಪ್ರಕಾಶಕರು, ಪೀಠೋಪಕರಣ ತಯಾರಕರು, ರಂಗಸಜ್ಜಿಕೆಯವರು ಮೊದಲಾಗಿ ಈತನ ಗಿರಾಕಿಗಳ ಜಗತ್ತು ಎಷ್ಟು ವಿಸ್ತಾರವಾಗಿತ್ತೆಂಬುದು ಅದರಿಂದ ತಿಳಿಯುತ್ತದೆ. ಈ ಎಲ್ಲ ಕೆಲಸಗಳಿಗೂ ಆಳುಕಾಳುಗಳಿರಲಿಲ್ಲ. ಮನೆಮಟ್ಟಿಗೆ ವಾಲೆಂಟೀನಳ ನೆರವಿತ್ತು. 1899ರಲ್ಲಿ ಇಬ್ಬರೂ ಮೋನ್‌ಪರ್ನಾಸ್ ಬಡಾವಣೆಯ ಕಾಂಪಾಞ್ ಪ್ರೆಮಿಯೆರ್ ಬೀದಿಯ ಮನೆಯೊಂದಕ್ಕೆ ಬಂದು ನೆಲೆಸಿದರು. ಮನೆ, ಕತ್ತಲಕೋಣೆ, ಉಗ್ರಾಣ ಎಲ್ಲವೂ ಅದೇ ಆಗಿತ್ತು.

ದಾಖಲೆಯೊಳಗಿನ ಪ್ರಯೋಗಗಳು

ಮಾರಾಟಕ್ಕೆಂದು ತೆಗೆದ ದಾಖಲೆ ಚಿತ್ರಗಳಲ್ಲಿ ಪ್ರಯೋಗಕ್ಕೆ ಎಡೆಯಿಲ್ಲವೆಂದು ತೋರಬಹುದು. ಆದರೆ ಒಂದೇ ಬಗೆಯ ವಸ್ತುವನ್ನು ನೂರಾರು ಸಲ ಚಿತ್ರಿಸಬೇಕಾದ ಅಗತ್ಯವೇ ಅಟ್ಜೆಯನ್ನು ಹೊಸ ಹೊಸ ನೋಟಗಳ ಕಡೆಗೆ ಒಯ್ದಿತು. ಕಟ್ಟಡವನ್ನು ನೇರ ಎದುರಿನಿಂದ ತೆಗೆಯುವ ರೂಢಿಗೆ ಬದಲಾಗಿ ಓರೆಯಾಗಿ ನಿಂತು, ಬೀದಿಯ ತಿರುವು ಕಣ್ಣನ್ನು ಒಳಕ್ಕೆ ಸೆಳೆಯುವಂತೆ ಚೌಕಟ್ಟನ್ನು ಹೊಂದಿಸಿದ. ಬೆಳಕಿಗೆ ಎದುರಾಗಿ ಕ್ಯಾಮೆರಾ ಇಡಬಾರದೆಂಬ ಸಾಮಾನ್ಯ ನಿಯಮವನ್ನು ಮೀರಿ, ಮಂಜು ಮುಸುಕಿದ ಬೆಳಗಿನಲ್ಲಿ ಮರ ಮತ್ತು ಪ್ರತಿಮೆಗಳು ಕಪ್ಪು ಆಕೃತಿಗಳಾಗಿ ಮೂಡುವಂತೆ ಮಾಡಿದ.

ಅಂಗಡಿಗಳ ಗಾಜಿನ ಕಿಟಕಿಗಳ ಚಿತ್ರಗಳು ಈ ದೃಷ್ಟಿಯಿಂದ ಪ್ರಸಿದ್ಧವಾಗಿವೆ. ಗಾಜಿನಲ್ಲಿ ಬೀಳುವ ಪ್ರತಿಬಿಂಬ ದಾಖಲೆ ಚಿತ್ರಕ್ಕೆ ದೋಷವೆಂದೇ ಸಾಮಾನ್ಯ ಛಾಯಾಗ್ರಾಹಕರ ಎಣಿಕೆ. ಅಟ್ಜೆ ಅದನ್ನು ನಿವಾರಿಸದೆ ಹಾಗೆಯೇ ಉಳಿಸಿಕೊಂಡ. 1925ರಲ್ಲಿ ಗೋಬ್ಲಾಂ ರಸ್ತೆಯ ಸಿದ್ಧಉಡುಪಿನ ಅಂಗಡಿಯ ಮುಂದೆ ತೆಗೆದ ಚಿತ್ರದಲ್ಲಿ ಕಿಟಕಿಯೊಳಗಿನ ಗೊಂಬೆಗಳೂ ಅವುಗಳಿಗೆ ತೊಡಿಸಿದ ಉಡುಪುಗಳೂ ಎದುರಿನ ಕಟ್ಟಡ ಮತ್ತು ಮರಗಳ ಪ್ರತಿಬಿಂಬದೊಂದಿಗೆ ಬೆರೆತು, ಒಳಗು ಹೊರಗುಗಳ ಗಡಿಯೇ ಅಳಿಸಿದಂತೆ ಕಾಣುತ್ತದೆ. ಸ್ಟ್ರಾಸ್‌ಬೂರ್ಗ್ ರಸ್ತೆಯಲ್ಲಿ ಹೆಂಗಸರ ಒಳಉಡುಪಿನ ಅಂಗಡಿಯ ಮುಂದೆ 1912ರಲ್ಲಿ ತೆಗೆದ ಚಿತ್ರವೂ ಇದೇ ಬಗೆಯಲ್ಲಿ ಗಮನಾರ್ಹವಾದುದು.

ವರ್ಸೈ, ಸಾಂ-ಕ್ಲೂ ಮತ್ತು ಸೋ ಎಂಬ ರಾಜೋದ್ಯಾನಗಳಿಗೆ ಅಟ್ಜೆ ಮತ್ತೆ ಮತ್ತೆ ಹೋದ. ಸಾಂ-ಕ್ಲೂವಿನ ಮರಗಳ ನೆಲದಿಂದ ಮೇಲೆದ್ದ ಬೇರುಗಳನ್ನು ಹತ್ತಿರದಿಂದ ತೆಗೆದ ಚಿತ್ರಗಳು, ಕೊಳದ ನೀರಿನಲ್ಲಿ ತಲೆಕೆಳಗಾಗಿ ತೋರುವ ಮರಸಾಲುಗಳು ಈತನ ಪ್ರೌಢ ಕೃತಿಗಳೆನಿಸಿವೆ. 1925ರಲ್ಲಿ, 68ರ ವಯಸ್ಸಿನಲ್ಲಿ, ಪಾಳುಬಿದ್ದಿದ್ದ ಸೋ ಉದ್ಯಾನದಲ್ಲಿ ಬೆಳಗಿನ ಹೊತ್ತು ತೆಗೆದ ಸರಣಿಯಲ್ಲಿ 66 ಚಿತ್ರಗಳಿವೆ. ಆ ಚಿತ್ರಗಳಲ್ಲಿ ವಿವರಕ್ಕಿಂತ ಬೆಳಕಿಗೇ ಪ್ರಾಧಾನ್ಯ. ಕೊಳ್ಳುವವರ ಅಗತ್ಯ ಇಲ್ಲಿ ಹಿನ್ನೆಲೆಗೆ ಸರಿದಿದೆ.

ಯುದ್ಧ ಮತ್ತು ಸರ್ಕಾರಕ್ಕೆ ಮಾರಾಟ

1914ರಲ್ಲಿ ಒಂದನೆಯ ಮಹಾಯುದ್ಧ ಆರಂಭವಾದಾಗ ಅಟ್ಜೆಯ ವ್ಯಾಪಾರ ಕುಸಿಯಿತು. ವಾಲೆಂಟೀನಳ ಮಗ ಯುದ್ಧರಂಗದಲ್ಲಿ ಮಡಿದ. ಗಾಜಿನ ಫಲಕಗಳನ್ನು ಬಾಂಬ್ ದಾಳಿಯಿಂದ ಉಳಿಸಲು ಅಟ್ಜೆ ಅವನ್ನು ನೆಲಮಾಳಿಗೆಯಲ್ಲಿ ಇರಿಸಿದ. ಯುದ್ಧದ ಕೊನೆಯ ವರ್ಷಗಳಲ್ಲಿ ಚಿತ್ರ ತೆಗೆಯುವುದೇ ಹೆಚ್ಚುಕಡಿಮೆ ನಿಂತುಹೋಯಿತು.

ಯುದ್ಧ ಮುಗಿಯುವ ಹೊತ್ತಿಗೆ ಈತನಿಗೆ ಅರವತ್ತು ದಾಟಿತ್ತು. ದುಡಿದು ಕೂಡಿಟ್ಟ ಸಂಗ್ರಹಕ್ಕೆ ವಾರಸುದಾರರಿರಲಿಲ್ಲ. ಗಾಜಿನ ಫಲಕಗಳು ಸುಲಭವಾಗಿ ಒಡೆಯುವಂಥವು. ಅವುಗಳ ಬೆಲೆ ಅರಿಯದವರ ಕೈಗೆ ಸಿಕ್ಕರೆ ಇಡೀ ಜೀವಮಾನದ ಕೆಲಸ ನಾಶವಾಗಬಹುದಾಗಿತ್ತು. 1920ರ ನವೆಂಬರ್‌ನಲ್ಲಿ ಅಟ್ಜೆ ಲಲಿತಕಲಾ ಇಲಾಖೆಯ ಮುಖ್ಯಸ್ಥ ಪಾಲ್ ಲೆಯೋನ್‌ಗೆ ಪತ್ರ ಬರೆದು ಈ ಆತಂಕವನ್ನು ತಿಳಿಸಿದ. ಇಪ್ಪತ್ತು ವರ್ಷಗಳಿಗೂ ಮೀರಿ ಸ್ವಂತ ಉತ್ಸಾಹದಿಂದ ಹಳೆಯ ಪ್ಯಾರಿಸಿನ ಬೀದಿಗಳನ್ನು ದಾಖಲಿಸಿರುವುದಾಗಿಯೂ ಈಗ ಆ ಕೆಲಸ ಮುಗಿದಿರುವುದಾಗಿಯೂ ವಿವರಿಸಿ, ಸಂಗ್ರಹದ ಭವಿಷ್ಯವನ್ನು ಭದ್ರಪಡಿಸುವಂತೆ ಕೋರಿದ. ಪತ್ರಕ್ಕೆ ಅನುಕೂಲಕರ ಉತ್ತರ ಬಂದಿತು. ಐತಿಹಾಸಿಕ ಸ್ಮಾರಕಗಳ ದಾಖಲೆ ಸಂಗ್ರಹಕ್ಕಾಗಿ ಸರ್ಕಾರ ಸುಮಾರು 2,600 ನೆಗೆಟಿವ್‌ಗಳನ್ನು 10,000 ಫ್ರಾಂಕ್‌ಗಳಿಗೆ ಕೊಂಡುಕೊಂಡಿತು.

ಈ ಮಾರಾಟದಿಂದ ಸಂಗ್ರಹದ ಒಂದು ದೊಡ್ಡ ಭಾಗ ಸುರಕ್ಷಿತವಾಯಿತು. ಜೊತೆಗೆ ಗಿರಾಕಿಗಳ ಬೇಡಿಕೆಯನ್ನೇ ನಂಬಿ ಬದುಕಬೇಕಾದ ಒತ್ತಡ ಕಡಿಮೆಯಾಯಿತು. ಉದ್ಯಾನ, ಅಂಗಡಿ ಕಿಟಕಿ ಮತ್ತು ಜಾತ್ರೆಯ ಆಟಿಕೆಗಳ ಸ್ವತಂತ್ರ ನೋಟದ ಚಿತ್ರಗಳಲ್ಲಿ ಹಲವು ಇದರ ನಂತರದ ವರ್ಷಗಳಲ್ಲಿ ಬಂದವು.

ಹೊಸ ಪೀಳಿಗೆಯ ಗಮನ

1920ರ ದಶಕದಲ್ಲಿ ಮೋನ್‌ಪರ್ನಾಸ್ ಹೊಸ ಪೀಳಿಗೆಯ ಕಲಾವಿದರ ನೆಲೆಯಾಗಿತ್ತು. ಅಮೆರಿಕದ ಕಲಾವಿದ ಮ್ಯಾನ್ ರೇ ಅಟ್ಜೆಯ ಬೀದಿಯಲ್ಲೇ ಸ್ಟುಡಿಯೋ ಹೊಂದಿದ್ದ. ಅಟ್ಜೆಯ ಚಿತ್ರಗಳಲ್ಲಿನ ನಿರ್ಜನ ಬೀದಿ, ಗೊಂಬೆ ಮತ್ತು ಪ್ರತಿಬಿಂಬಗಳಲ್ಲಿ ಸರ್ರಿಯಲಿಸ್ಟ್ ಪಂಥದವರಿಗೆ ತಾವು ಅರಸುತ್ತಿದ್ದ ಕನಸಿನ ಗುಣ ಕಂಡಿತು. ಮ್ಯಾನ್ ರೇ ಹಲವಾರು ಪ್ರತಿಗಳನ್ನು ಕೊಂಡ. 1926ರಲ್ಲಿ ಆ ಪಂಥದ ಮುಖವಾಣಿಯಾಗಿದ್ದ ಪತ್ರಿಕೆಯ ಮುಖಪುಟದಲ್ಲಿ ಅಟ್ಜೆಯ ಚಿತ್ರವೊಂದು ಅಚ್ಚಾಯಿತು. 1912ರ ಏಪ್ರಿಲ್‌ನ ಸೂರ್ಯಗ್ರಹಣವನ್ನು ನೋಡಲು ಬೀದಿಯಲ್ಲಿ ನೆರೆದು ಆಕಾಶದತ್ತ ಮುಖಮಾಡಿದ ಜನರ ಗುಂಪಿನ ಚಿತ್ರ ಅದು. ತನ್ನ ಹೆಸರನ್ನು ಹಾಕಬಾರದೆಂದು ಅಟ್ಜೆ ಕೇಳಿಕೊಂಡನೆಂದೂ ಇವು ತಾನು ತೆಗೆಯುವ ದಾಖಲೆಗಳಷ್ಟೇ ಎಂದು ಹೇಳಿದನೆಂದೂ ಮ್ಯಾನ್ ರೇ ನೆನಪಿಸಿಕೊಂಡಿದ್ದಾನೆ. ಒಂದು ಉದ್ದೇಶಕ್ಕೆ ತೆಗೆದ ಚಿತ್ರ ಬೇರೊಬ್ಬರ ಕೈಯಲ್ಲಿ ಬೇರೊಂದು ಅರ್ಥ ಪಡೆಯುವುದಕ್ಕೆ ಇದು ಒಳ್ಳೆಯ ನಿದರ್ಶನ.

ಮ್ಯಾನ್ ರೇಯ ಸಹಾಯಕಿಯಾಗಿದ್ದ ಅಮೆರಿಕದ ಬೆರೆನಿಸ್ ಅಬಟ್ ಅಟ್ಜೆಯ ಚಿತ್ರಗಳನ್ನು ನೋಡಿ ಬೆರಗಾಗಿ, ಆತನ ಮನೆಗೆ ಹೋಗಿ ತನ್ನ ಅಲ್ಪ ಸಂಪಾದನೆಯಲ್ಲಿ ಪ್ರತಿಗಳನ್ನು ಕೊಳ್ಳತೊಡಗಿದಳು. ಅಟ್ಜೆಯ ಮಹತ್ತ್ವವನ್ನು ಮುಂದೆ ಲೋಕಕ್ಕೆ ತಿಳಿಸಿದವಳು ಈಕೆಯೇ.

ಕೊನೆಯ ದಿನಗಳು

1926ರಲ್ಲಿ ವಾಲೆಂಟೀನ್ ತೀರಿಕೊಂಡಳು. ನಾಲ್ಕು ದಶಕಗಳ ಸಂಗಾತಿಯನ್ನು ಕಳೆದುಕೊಂಡ ಅಟ್ಜೆ ಕುಗ್ಗಿಹೋದ. 1927ರಲ್ಲಿ ಅಬಟ್ ಈತನನ್ನು ತನ್ನ ಸ್ಟುಡಿಯೋಗೆ ಕರೆಸಿ ಭಾವಚಿತ್ರಗಳನ್ನು ತೆಗೆದಳು. ದೊಡ್ಡ ಕೋಟು ತೊಟ್ಟು ಬಾಗಿ ಕುಳಿತ ವೃದ್ಧನ ಆ ಚಿತ್ರಗಳು ಅಟ್ಜೆಯ ಹೆಚ್ಚು ಪ್ರಚಲಿತ ಭಾವಚಿತ್ರಗಳು. ಅವುಗಳ ಪ್ರತಿಗಳನ್ನು ಆಕೆ ತೋರಿಸಲು ಹೋಗುವ ವೇಳೆಗೆ ಅಟ್ಜೆ ಬದುಕಿರಲಿಲ್ಲ. 1927ರ ಆಗಸ್ಟ್ 4ರಂದು ತನ್ನ 70ನೆಯ ವಯಸ್ಸಿನಲ್ಲಿ ಅಟ್ಜೆ ಪ್ಯಾರಿಸಿನಲ್ಲಿ ನಿಧನಹೊಂದಿದ.

ಸಂಗ್ರಹದ ಮುಂದಿನ ಕಥೆ

ಉಳಿದ ಸಂಗ್ರಹದ ಹೊಣೆ ರಂಗಭೂಮಿಯ ದಿನಗಳಿಂದಲೂ ಗೆಳೆಯನಾಗಿದ್ದ ಆಂದ್ರೆ ಕಾಲ್ಮೆಟ್‌ನ ಮೇಲೆ ಬಿತ್ತು. ಈತ ಸುಮಾರು 2,000 ನೆಗೆಟಿವ್‌ಗಳನ್ನು ಐತಿಹಾಸಿಕ ಸ್ಮಾರಕಗಳ ದಾಖಲೆ ಸಂಗ್ರಹಕ್ಕೆ ಕೊಟ್ಟ. ಮಿಕ್ಕವುಗಳು ಚದುರಿಹೋಗುವ ಅಪಾಯವಿತ್ತು. ಅಬಟ್ ಕಾಲ್ಮೆಟ್‌ನನ್ನು ಹುಡುಕಿ ಒಪ್ಪಿಸಿ, 1928ರಲ್ಲಿ ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳನ್ನೂ ಸಾವಿರಾರು ಪ್ರತಿಗಳನ್ನೂ ಕೊಂಡಳು. ಅಮೆರಿಕಕ್ಕೆ ಮರಳುವಾಗ ಸಂಗ್ರಹವನ್ನೂ ಜೊತೆಗೆ ಒಯ್ದಳು. ನ್ಯೂಯಾರ್ಕಿನ ಕಲಾವ್ಯಾಪಾರಿ ಜೂಲಿಯನ್ ಲೆವಿ ಹಣದ ನೆರವು ನೀಡಿ ಅದರಲ್ಲಿ ಪಾಲುದಾರನಾದ.

ಅಬಟ್‌ಳ ಪ್ರಯತ್ನದಿಂದ ಅಟ್ಜೆಯ ಚಿತ್ರಗಳು 1929ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಪ್ರಸಿದ್ಧ ಚಲನಚಿತ್ರ ಮತ್ತು ಛಾಯಾಚಿತ್ರ ಪ್ರದರ್ಶನದಲ್ಲಿ ಕಾಣಿಸಿಕೊಂಡವು. 1930ರಲ್ಲಿ ಪಿಯೆರ್ ಮಕ್ ಒರ್ಲಾನ್‌ನ ಮುನ್ನುಡಿಯೊಂದಿಗೆ ಮೊದಲ ಚಿತ್ರಸಂಪುಟ ಪ್ರಕಟವಾಯಿತು. ನಾಲ್ಕು ದಶಕಗಳ ಕಾಲ ಅಬಟ್ ಸಂಗ್ರಹವನ್ನು ಕಾಪಾಡಿದಳು. 1968ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಅದನ್ನು ಕೊಂಡುಕೊಂಡಿತು. ಅಲ್ಲಿ ಜಾನ್ ಸಾರ್ಕೋವ್‌ಸ್ಕಿ ಮತ್ತು ಮರಿಯಾ ಮಾರಿಸ್ ಹ್ಯಾಂಬರ್ಗ್ ಸಂಗ್ರಹದ ಅಧ್ಯಯನ ಕೈಗೊಂಡರು. ನೆಗೆಟಿವ್‌ಗಳ ಮೇಲಿನ ಸಂಖ್ಯೆಗಳು ಕಾಲಾನುಕ್ರಮದಲ್ಲಿರದೆ ವಿಷಯಾನುಕ್ರಮದಲ್ಲಿವೆ ಎಂಬುದನ್ನು ಹ್ಯಾಂಬರ್ಗ್ ಬಿಡಿಸಿ ತೋರಿಸಿದಳು. ಇದರಿಂದ ಚಿತ್ರಗಳ ಕಾಲನಿರ್ಣಯ ಸಾಧ್ಯವಾಯಿತು. 1981ರಿಂದ 1985ರವರೆಗೆ ನಾಲ್ಕು ಪ್ರದರ್ಶನಗಳೂ ನಾಲ್ಕು ಸಂಪುಟಗಳೂ ಹೊರಬಂದವು.

ಪ್ರಭಾವ ಮತ್ತು ಮೌಲ್ಯಮಾಪನ

ಜರ್ಮನಿಯ ಚಿಂತಕ ವಾಲ್ಟರ್ ಬೆನ್ಯಮಿನ್ 1931ರಲ್ಲಿ ಛಾಯಾಗ್ರಹಣದ ಇತಿಹಾಸ ಕುರಿತು ಬರೆದ ಪ್ರಬಂಧದಲ್ಲಿ ಅಟ್ಜೆಗೆ ಮಹತ್ತ್ವದ ಸ್ಥಾನ ನೀಡಿದ್ದಾನೆ. ನಿರ್ಜನ ಬೀದಿಗಳ ಈ ಚಿತ್ರಗಳು ಅಪರಾಧ ನಡೆದ ಸ್ಥಳದ ಚಿತ್ರಗಳಂತಿವೆ ಎಂಬ ಹೋಲಿಕೆಯನ್ನು ಆತ ಚರ್ಚಿಸಿದ್ದಾನೆ. ಅಮೆರಿಕದ ಛಾಯಾಗ್ರಾಹಕ ವಾಕರ್ ಎವಾನ್ಸ್ ಅಟ್ಜೆಯ ಸಂಪುಟವನ್ನು ಅದೇ ವರ್ಷ ವಿಮರ್ಶಿಸಿದ. ಅಂಗಡಿಯ ಮುಂಭಾಗ, ಫಲಕ, ಬಡವರ ಮನೆಯ ಒಳಾಂಗಣ ಎವಾನ್ಸ್‌ನ ಕೃತಿಗಳಲ್ಲೂ ಮುಖ್ಯ ವಸ್ತುಗಳು. ಬದಲಾಗುತ್ತಿದ್ದ ನ್ಯೂಯಾರ್ಕ್ ನಗರವನ್ನು 1930ರ ದಶಕದಲ್ಲಿ ದಾಖಲಿಸಿದ ಅಬಟ್‌ಳ ಯೋಜನೆಗೂ ಅಟ್ಜೆಯ ಕೆಲಸವೇ ಪ್ರೇರಣೆ.

ಅಟ್ಜೆ ಕಲಾವಿದನೋ ಕುಶಲಕರ್ಮಿಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಈತನ ಚಿತ್ರಗಳನ್ನು ಒಬ್ಬ ಕಲಾವಿದನ ಸಮಗ್ರ ಕೃತಿಶ್ರೇಣಿಯೆಂದು ನೋಡುವುದು ಒಂದು ದೃಷ್ಟಿ. ಗಿರಾಕಿಗಳ ಅಗತ್ಯ, ಸಂಸ್ಥೆಗಳ ವರ್ಗೀಕರಣ ಮತ್ತು ಮಾರುಕಟ್ಟೆಯ ಬೇಡಿಕೆಗಳೇ ಈ ಚಿತ್ರಗಳನ್ನು ರೂಪಿಸಿದವು. ಅವುಗಳನ್ನು ಮರೆತು ಕಲೆಯನ್ನು ಮಾತ್ರ ಕಾಣುವುದು ಸರಿಯಲ್ಲ ಎಂಬುದು ಇನ್ನೊಂದು ದೃಷ್ಟಿ. ಆದರೆ ಇತರರ ಕಲೆಗೆ ಕಚ್ಚಾವಸ್ತುವಾಗಲೆಂದು ತೆಗೆದ ಚಿತ್ರಗಳನ್ನು ಅಷ್ಟೊಂದು ಶ್ರದ್ಧೆಯಿಂದ ತೆಗೆದುದರಿಂದಲೇ ಅವು ಮೂಲ ಉದ್ದೇಶ ತೀರಿದ ಮೇಲೂ ಉಳಿದವು ಎಂಬುದನ್ನು ಎರಡು ಪಕ್ಷದವರೂ ಒಪ್ಪಬಹುದು. ಅಟ್ಜೆ ದಾಖಲಿಸಿದ ಕೋಟೆಗೋಡೆಗಳು, ಅವುಗಳ ಹೊರಗಿನ ಗುಡಿಸಲುಗಳು, ನಗರದೊಳಗೆ ಹರಿಯುತ್ತಿದ್ದ ಬಿಯೆವ್ರ್ ಎಂಬ ಚಿಕ್ಕ ನದಿಯ ದಂಡೆಗಳು ಇಂದಿನ ಪ್ಯಾರಿಸಿನಲ್ಲಿಲ್ಲ. ಅವುಗಳ ಚಿತ್ರಗಳು ಪ್ಯಾರಿಸ್, ಲಂಡನ್ ಮತ್ತು ನ್ಯೂಯಾರ್ಕಿನ ಸಂಗ್ರಹಾಲಯಗಳಲ್ಲಿವೆ.